ಪಟ್ಟೆ ಮೀನಿನ ನಿದ್ದೆ

"ಕಿವಿ ಕೇಳಿಸಲ್ವಾ ನಿಮಗೆ?"

ಆ ಆಸ್ಪತ್ರೆಯಲ್ಲಿ ಯಾರೂ ಆಡಬಾರದ ಮಾತೊಂದಿದ್ದರೆ ಅದು ಇದೇ. ಅದು ಕಿವಿ ಆಸ್ಪತ್ರೆ. ಕೆಲಸಕ್ಕೆ ಸೇರಿದ ದಿನವೇ ಡಾಕ್ಟರು ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠವೂ ಇದೇ. ಆದರೂ ಬಾಯಿತಪ್ಪಿ ಬಂದುಬಿಟ್ಟಿತು. ಅದೂ ಕಿವಿಯ ಪರೀಕ್ಷೆ ಮಾಡುವವಳ ಬಾಯಿಂದ.

ಹಾಲಿನಲ್ಲಿ ಕಾಯುತ್ತಿದ್ದ ಒಂಬತ್ತು ಜನರಲ್ಲಿ ಮಾತು ಕೇಳಿಸಿದ ನಾಲ್ವರು ತಿರುಗಿ ನೋಡಿದರು. ಉಳಿದ ಐವರು ಆ ನಾಲ್ವರನ್ನು ನೋಡಿ ತಿರುಗಿದರು.

ತಿರುಗದೆ ಉಳಿದವನು ಒಬ್ಬನೇ. ಮಾತು ಯಾರಿಗೆ ಆಡಿದ್ದೋ ಅವನು.

ಅವನು ಗೋಡೆ ಪಕ್ಕದ ಅಕ್ವೇರಿಯಂನೊಳಗೆ ಭುಜದವರೆಗೆ ಕೈ ಇಳಿಸಿ, ಸ್ಟೂಲಿನ ಮೇಲೆ ನಿಂತು ಏನನ್ನೋ ತಡಕುತ್ತಿದ್ದ. ಅವಳು ಸುತ್ತಿ ಹೋಗಿ ಅವನೆದುರು ನಿಂತಳು.

"ಮೂರು ಸಲ ಕರೆದೆ."

"ಓ... ಕ್ಷಮಿಸಿ ಮೇಡಂ. ಪಂಪಿನ ಸದ್ದು."

"ಆ ಸದ್ದು ನಿಲ್ಲಿಸಿ ಅಂತಲೇ ಕರೆದಿದ್ದು. ಒಳಗೆ ಎಪ್ಪತ್ತು ವರ್ಷದ ಅಜ್ಜ ಬೀಪ್ ಕೇಳಿದಾಗ ಬಟನ್ ಒತ್ತಬೇಕು. ಅವರು ನಿಮ್ಮ ಪಂಪಿಗೆ ಒತ್ತುತಾ ಕೂತಿದಾರೆ."

ಅವನಿಗೆ ನಗು ಬಂತು. ತಡೆದುಕೊಂಡ.

"ಇಪ್ಪತ್ತು ನಿಮಿಷ ಆರಿಸ್ತೀನಿ. ಅದಕ್ಕಿಂತ ಹೆಚ್ಚು ಆಗಲ್ಲ. ಇವಕ್ಕೂ ಉಸಿರು ಬೇಕಲ್ಲ."

ಪಂಪ್ ನಿಂತಿತು. ಇಡೀ ಹಾಲ್ ತಣ್ಣಗಾದಂತೆನಿಸಿತು. ಒಳಗೆ ಹೋಗಲು ತಿರುಗಿದವಳ ಕಣ್ಣು ತೊಟ್ಟಿಯ ತಳಕ್ಕೆ ಬಿತ್ತು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆಯಿದ್ದ, ಅಂಗೈಯಷ್ಟುದ್ದದ ಮೀನೊಂದು ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿತ್ತು.

"ಅದು... ಸತ್ತುಹೋಗಿದೆ."

"ಮಲಗಿದೆ."

"ಕಣ್ಣು ಬಿಟ್ಟಿದೆಯಲ್ರೀ."

"ರೆಪ್ಪೆ ಇದ್ದರೆ ತಾನೇ ಮುಚ್ಚೋಕೆ? ಕಣ್ಣು ನೋಡಬೇಡಿ. ಕಿವಿರು ನೋಡಿ."

ಅವಳು ಬಗ್ಗಿ ನೋಡಿದಳು. ಕಿವಿರಿನ ಮುಚ್ಚಳ ಬಹಳ ನಿಧಾನವಾಗಿ ಏಳುತ್ತಿತ್ತು, ಬೀಳುತ್ತಿತ್ತು.

'ಈ ತೊಟ್ಟಿ ಬಂದು ಎರಡು ವರ್ಷ ಆಯ್ತು, ದಿನಾ ಇದರ ಮುಂದೆ ಓಡಾಡ್ತಿದೀನಿ. ಒಂದು ದಿನ ಆದ್ರೂ ನೋಡಿದ್ನಾ?'

ಆಸ್ಪತ್ರೆಗೆ ಬರುವವರು ಅವಳನ್ನು ಬೀಪ್ ಮೇಡಂ ಎನ್ನುತ್ತಿದ್ದರು. ಅವಳಿಗೆ ಅದು ಇಷ್ಟವೂ ಇರಲಿಲ್ಲ, ಬೇಸರವೂ ಇರಲಿಲ್ಲ. ನೆಲ ಹಾದು ಬರುವ ಪಂಪಿನ ಕಂಪನ ಬಿಟ್ಟರೆ ಬೇರೆ ಸದ್ದು ನುಗ್ಗದ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಗಾಜಿನ ಈಚೆಯಿಂದ ಸಣ್ಣ ಸಣ್ಣ ಸದ್ದು ಕಳಿಸುವುದು ಅವಳ ಕೆಲಸ. ಕೇಳಿಸಿದಾಗ ಅವರು ಬಟನ್ ಒತ್ತುತ್ತಾರೆ, ಇವಳ ಮುಂದೆ ದೀಪ ಹತ್ತುತ್ತದೆ. ಒಬ್ಬರಿಗೆ ಕೇಳಿಸುವ ಅತಿ ಸಣ್ಣ ಸದ್ದನ್ನು ಅವಳು ಹೊಸ್ತಿಲು ಎಂದು ಕರೆಯುತ್ತಿದ್ದಳು. ಅದಕ್ಕಿಂತ ಸಣ್ಣದು ಆಚೆಯೇ ಉಳಿಯುತ್ತದೆ, ದೊಡ್ಡದು ದಾಟಿ ಒಳಗೆ ಬರುತ್ತದೆ. ಎಂಟು ವರ್ಷದಲ್ಲಿ ಅವಳು ಸಾವಿರಾರು ಕಿವಿಗಳ ಹೊಸ್ತಿಲು ಗುರುತಿಸಿದ್ದಳು.

ಅವನಿಗೂ ಒಂದು ಅಡ್ಡಹೆಸರಿತ್ತು. ಕೊಟ್ಟವರು ಅವಳ ದೊಡ್ಡಮ್ಮ. ಬುಧವಾರ ಮಧ್ಯಾಹ್ನ ಆಸ್ಪತ್ರೆ ಎರಡು ಗಂಟೆ ಮುಚ್ಚಿರುತ್ತದೆ. ತೀರಿಹೋದ ತಂಗಿಯ ಈ ಮಗಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಆ ಹೊತ್ತಿಗೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು. ಪಂಪಿನ ಸದ್ದಿನ ಆ ದಿನದ ಮೇಲೆ ಅವನೂ ತೊಟ್ಟಿಯ ನೀರು ಬದಲಿಸಲು ಅದೇ ಹೊತ್ತಿಗೆ ಬರತೊಡಗಿದ್ದ.

"ಏಳು ಮೀನಪ್ಪ. ಅದು ನನ್ನ ಕುರ್ಚಿ."

"ನಿಮ್ಮ ಹೆಸರು ಬರೆದಿಲ್ವಲ್ಲ ಅಮ್ಮ."

"ವಯಸ್ಸು ಬರೆದಿದೆ. ಮುಖ ನೋಡು."

ಆ ಸಾಲಿನಲ್ಲಿ ಹತ್ತು ಕುರ್ಚಿಗಳಿದ್ದವು. ಇಬ್ಬರಿಗೂ ಬೇಕಾಗಿದ್ದುದು ಬಲಗಡೆ ಗೋಡೆಗೆ ತಾಗಿದ ಆ ಮೂಲೆ ಕುರ್ಚಿಯೇ. ಇದು ಪ್ರತಿ ಬುಧವಾರದ ಜಗಳ. ಒಂದು ವಾರ ಅವರು ಗೆದ್ದರೆ ಇನ್ನೊಂದು ವಾರ ಇವನು. ಬೀಪ್ ಮೇಡಂ ಇದನ್ನು ಇಬ್ಬರ ಹುಡುಗಾಟವೆಂದುಕೊಂಡು ನಗುತ್ತಿದ್ದಳು, ಅಷ್ಟೇ.

ಕಾಯುವವರೆಲ್ಲ ಅವಳನ್ನು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: ಮೀನು ನಿದ್ದೆ ಮಾಡುತ್ತಾ ಮೇಡಂ? ಅವಳು ಅದನ್ನು ಅವನಿಗೆ ದಾಟಿಸಿದಳು.

"ಮಾಡ್ತವೆ. ಆ ಸಣ್ಣವು ದೀಪ ಆರಿಸಿದ ಮೇಲೆ. ಗಿಡದ ಹತ್ತಿರ ನಿಂತಲ್ಲೇ ತೂಗ್ತಾ ಇರ್ತವೆ, ಬಣ್ಣ ಸ್ವಲ್ಪ ಮಂಕಾಗುತ್ತೆ. ಈ ಪಟ್ಟೆಯವರು ಬೆಳಗ್ಗೆ ಸಂಜೆ ಸುತ್ತಾಡಿ ಹಗಲು ಮಲಗ್ತಾರೆ. ಅದಕ್ಕೇ ಸಂಜೆ ಬಾಗಿಲು ಹಾಕುವಾಗ ತೊಟ್ಟಿ ದೀಪ ಆರಿಸಿ ಅಂತ ಕೌಂಟರಿನ ಅಕ್ಕನಿಗೆ ಬಡ್ಕೊಳ್ತೀನಿ."

"ನಿದ್ದೆಯೋ ಸುಮ್ನೆ ಇರೋದೋ ಹೇಗೆ ಗೊತ್ತಾಗುತ್ತೆ?"

"ನಿದ್ದೆಯಲ್ಲಿದ್ರೆ ಬೇಗ ಎಚ್ಚರ ಆಗಲ್ಲ. ಸಣ್ಣ ಸದ್ದು ಸಾಲಲ್ಲ, ದೊಡ್ಡದೇ ಬೇಕು."

ಅವಳು ತಟ್ಟನೆ ತಲೆಯೆತ್ತಿದಳು. ಇದು ಅವಳ ಕೆಲಸದ ಮಾತು.

"ಹಾಗಾದ್ರೆ ಅಳೀಬಹುದು."

ಮನೆಮನೆಗೆ ಹೋಗಿ ಪರೀಕ್ಷೆ ಮಾಡುವ ಹಳೆಯ ಪೆಟ್ಟಿಗೆ ಯಂತ್ರವೊಂದು ಕಪಾಟಿನಲ್ಲಿತ್ತು. ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿಯುವ, ಗುಂಡಿಯಷ್ಟು ಚಿಕ್ಕ ಕಂಪಕ ಅದಕ್ಕಿತ್ತು. ಅದನ್ನು ಅವಳು ಗಾಜಿಗೆ ಅಂಟಿಸಿದಳು. ಮನುಷ್ಯರ ಮೂಳೆಗೆ ಮಾಡಿದ ಅಂಕಿ ಗಾಜಿಗೂ ನೀರಿಗೂ ಹೊಂದುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಚ್ಚರಕ್ಕೂ ನಿದ್ದೆಗೂ ಇರುವ ಅಂತರ ತಿಳಿಯಲು ಅಷ್ಟು ಸಾಕು.

"ವಾರಕ್ಕೆ ಒಂದೇ ಸಲ," ಎಂದ ಅವನು. "ಅವರ ನಿದ್ದೆ ಕೆಡಿಸೋಕೆ ನಮಗೇನು ಹಕ್ಕು?"

ಎಚ್ಚರವಿದ್ದಾಗ ಪಟ್ಟೆ ಮೀನು ಇಪ್ಪತ್ತೈದು ಡೆಸಿಬೆಲ್ ಸದ್ದಿಗೇ ತಿರುಗಿತು. ಮಗ್ಗುಲಾಗಿ ಬಿದ್ದಿದ್ದಾಗ ನಲವತ್ತಕ್ಕೂ ಅಲುಗಲಿಲ್ಲ. ನಲವತ್ತೈದಕ್ಕೆ ಅಲುಗಿತು, ಅದೂ ನಾಲ್ಕು ಎಣಿಸಿದ ಮೇಲೆ. ಆರು ಬುಧವಾರ ಅಳೆದರೂ ಹೆಚ್ಚುಕಡಿಮೆ ಅದೇ ಲೆಕ್ಕ.

"ನಿದ್ದೆಯೇ," ಎಂದಳು ಅವಳು.

"ನಾನು ಮೊದಲ ದಿನವೇ ಹೇಳಿದ್ದೆ."

"ನೀವು ಹೇಳಿದ್ದು ಬಾಯಿಮಾತು. ಇದು ದಾಖಲೆ." ಅವಳು ರೋಗಿಗಳ ನಮೂನೆಯಲ್ಲೇ ತುಂಬುತ್ತ ಹೋದಳು. "ಹೆಸರು, ಪಟ್ಟೆ. ವಯಸ್ಸು, ಗೊತ್ತಿಲ್ಲ. ದೂರು, ಏನೂ ಇಲ್ಲ. ಯಾವ ಕಿವಿ? ಎಡವೋ ಬಲವೋ?"

"ಎರಡಕ್ಕೂ ಸೇರಿಸಿ ಬರೀರಿ. ಎರಡೂ ಸರಿ ಇರೋ ಅದೃಷ್ಟ ಅದರದ್ದು."

ಅವಳು ನಕ್ಕಳು. ಆ ಮಾತು ಅಲ್ಲೇ ಬಿದ್ದುಹೋಯಿತು.

ಯಾವಾಗ ಶುರುವಾಯಿತೆಂದು ಕೇಳಿದರೆ ಅವಳು ಒಂದು ದಿನ ಹೇಳಬಲ್ಲವಳಾಗಿದ್ದಳು. ಏಳನೆಯ ಬುಧವಾರ. ಅವನು ಪಂಪಿನಡಿ ದಪ್ಪ ರಬ್ಬರು ಹಾಸಿ, ಹಲಗೆಯ ಬಿರುಕಿಗೆಲ್ಲ ಸ್ಪಂಜು ತುರುಕಿ, ಸದ್ದು ಇನ್ನೂ ಬರುತ್ತದೆಯೇ ಎಂದು ಅವಳ ಕೋಣೆಯ ಕುರ್ಚಿಯಲ್ಲಿ ಕೂತು ನೋಡಿ ಬಂದಿದ್ದ.

"ಈಗ ನಿಮ್ಮ ಅಜ್ಜಂದಿರು ಬೀಪಿಗಷ್ಟೇ ಒತ್ತುತಾರೆ," ಎಂದಿದ್ದ, ಕೈ ಒರೆಸಿಕೊಳ್ಳುತ್ತ.

ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

'ನನ್ನ ಕೋಣೆ ಮೌನವಾಗಿರಲಿ ಅಂತ ಇಷ್ಟು ಮಾಡಿದವರು ಇನ್ಯಾರಿದಾರೆ?'

ಹನ್ನೊಂದನೆಯ ವಾರ ಡಾಕ್ಟರು ಅವಳನ್ನು ಕರೆದರು. ದೂರದ ಊರಿನಲ್ಲಿ ಹೊಸ ಶಾಖೆ, ಅಲ್ಲಿ ಅವಳೇ ವಿಭಾಗದ ಮುಖ್ಯಸ್ಥೆ. ಹತ್ತು ದಿನದಲ್ಲಿ, ಅಂದರೆ ಮುಂದಿನ ವಾರದ ಶನಿವಾರ ಹತ್ತು ಗಂಟೆಯೊಳಗೆ ಕೊನೆಯ ಮಾತು ಹೇಳಬೇಕು. ಆಮೇಲೆ ಪತ್ರ ಹೊರಡುತ್ತದೆ.

ಅಂದು ಬುಧವಾರ. ಪಂಪು ಬೆಳಗ್ಗಿನಿಂದ ಗರಗರ ಎನ್ನುತ್ತಿತ್ತು. ಅವನು ತೊಟ್ಟಿಯ ಕೆಳಗಿನ ಕಪಾಟು ತೆರೆದು, ಮೊಣಕಾಲೂರಿ, ಹಲಗೆಗೆ ಎಡಗೆನ್ನೆ ಒತ್ತಿ ಕೂತಿದ್ದ. ಅವನು ಪಂಪಿನ ರೋಗ ಕಂಡುಹಿಡಿಯುವುದು ಹಾಗೆಯೇ, ಕಿವಿಯಿಟ್ಟು. ಎಡಗಡೆ ಕಪಾಟಿನ ಬಾಗಿಲು ಅಡ್ಡವಿತ್ತು. ಅವಳು ಬಲಗಡೆ ಬಂದು ನಿಂತಳು.

ದೊಡ್ಡಮ್ಮ ಇನ್ನೂ ಬಂದಿರಲಿಲ್ಲ. ಹಾಲ್ ಖಾಲಿ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನನ್ನನ್ನ ಬೇರೆ ಊರಿಗೆ ಕಳಿಸ್ತೀವಿ ಅಂತಿದಾರೆ." ಅವಳ ದನಿ ಮೆಲ್ಲಗಿತ್ತು. "ನನಗೆ ಹೋಗೋಕೆ ಮನಸ್ಸಿಲ್ಲ. ನೀವು ಇರಿ ಅಂದ್ರೆ... ಇರ್ತೀನಿ."

ಅವನು ಅಲುಗಲಿಲ್ಲ. ಕಣ್ಣು ತೆರೆದೇ ಇತ್ತು. ಅವಳು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದಳು. ಒಂದು... ಎರಡು... ಮೂರು... ನಾಲ್ಕು...

ಅವನು ಉಸಿರು ಬಿಟ್ಟ.

"ಇದು ಮುಗೀತು ಮೇಡಂ. ಇನ್ನು ಎಳೆದಾಡಿ ಪ್ರಯೋಜನ ಇಲ್ಲ. ಹೊಸದು ನೋಡ್ಕೊಳ್ಳೋದೇ ಒಳ್ಳೇದು."

ಅವಳು ಸರಿ ಎಂದಳು. ಅಷ್ಟೇ. ಒಳಗೆ ಹೋಗಿ, ಸದ್ದು ದಾಟದ ಕೋಣೆಯ ದಪ್ಪ ಬಾಗಿಲು ಹಾಕಿಕೊಂಡಳು. ಆ ಕೋಣೆಯಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ. ಅವಳು ಅಳಲಿಲ್ಲ. ಹೆಡ್‌ಫೋನಿನ ತಂತಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಸುತ್ತಿದಳು.

ಮರುದಿನ ಡಾಕ್ಟರಿಗೆ ಹೋಗುತ್ತೇನೆಂದು ಹೇಳಿದಳು.

ಆಮೇಲಿನ ಬುಧವಾರ ಮೂಲೆ ಕುರ್ಚಿ ಖಾಲಿಯಿತ್ತು. ದೊಡ್ಡಮ್ಮ ಅದರಲ್ಲಿ ಕೂತು, ಡಬ್ಬಿ ಬಿಚ್ಚದೆ, ಎಡಕ್ಕೂ ಬಲಕ್ಕೂ ನೋಡಿದರು.

"ಮೀನಪ್ಪ ಎಲ್ಲಿ? ಜಗಳ ಇಲ್ದೆ ಸಿಕ್ಕ ಕುರ್ಚಿ ಹಿಡಿಸ್ತಾನೇ ಇಲ್ಲ."

"ಬೆಳಗ್ಗೆಯೇ ಬಂದು ಹೋದ್ರಂತೆ. ನಾನು ಬರೋ ಮುಂಚೆ."

"ಹೌದಾ? ನೀನು ಊರು ಬದಲಾಯಿಸ್ತೀಯ, ಅವನು ಹೊತ್ತು ಬದಲಾಯಿಸ್ತಾನೆ. ಏನು ನಡೀತೇ?"

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ದೊಡ್ಡಮ್ಮ ಕಿವಿಗಿಂತ ಕಣ್ಣಿನಿಂದ ಹೆಚ್ಚು ಕೇಳಿಸಿಕೊಳ್ಳುವವರು. ಅವಳು ನಡೆದದ್ದನ್ನು ವರದಿ ಓದುವಂತೆ ಹೇಳಿದಳು. ತಾನು ಹೇಳಿದ ಮಾತು, ಅವನು ಕೊಟ್ಟ ಉತ್ತರ.

"ಯಾವ ಕಡೆ ನಿಂತು ಹೇಳಿದೆ?"

"ಏನು?"

"ಕಿವುಡಿ ನಾನಾ ನೀನಾ? ಯಾವ ಕಡೆ ನಿಂತಿದ್ದೆ ಅಂದೆ."

"ಬಲಗಡೆ. ಎಡಗಡೆ ಕಪಾಟಿನ ಬಾಗಿಲಿತ್ತು. ಅದಕ್ಕೂ ಇದಕ್ಕೂ..."

"ಅವನ ಬಲಗಿವಿಗೆ ಹೇಳಿದ್ಯಾ?" ದೊಡ್ಡಮ್ಮ ನಗಲು ಶುರುಮಾಡಿದರು. ಅವರ ಕಿವಿಯ ಯಂತ್ರ ಕುಂಯ್ ಎಂದಿತು. "ಈ ಗೋಡೆಗೆ ಹೇಳಿದ್ರೆ ಅದಾದ್ರೂ ಮಾರ್ದನಿ ಕೊಡ್ತಿತ್ತಲ್ಲೇ."

ದೊಡ್ಡಮ್ಮ ಕೂತ ಕುರ್ಚಿಯ ತೋಳು ತಟ್ಟಿದರು.

"ಈ ಕುರ್ಚಿಗೆ ನಾನು ಯಾಕೆ ಸಾಯ್ತೀನಿ ಹೇಳು? ಬಲಗಡೆ ಗೋಡೆ ಇದ್ರೆ ಬಂದವರೆಲ್ಲ ಎಡಗಡೆಯಿಂದಲೇ ಮಾತಾಡಬೇಕು. ನನಗೆ ಯಂತ್ರ ಹಾಕ್ಕೊಂಡ್ರೂ ಎಡಗಿವಿಯೇ ಗತಿ. ಅವನೂ ಅದಕ್ಕೇ ಸಾಯ್ತಾನೆ. ಎರಡನೇ ವಾರವೇ ಕಂಡುಹಿಡಿದೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಅವನೇ ಹೇಳದ್ದನ್ನ ನಾನ್ಯಾಕೆ ಹೇಳಲಿ? ನಮ್ಮಂಥ ಅರೆಗಿವುಡರಿಗೂ ಒಂದು ಮರ್ಯಾದೆ ಇರುತ್ತೆ ಕಣೇ. ಆಮೇಲೆ, ನೀನು ಕಿವಿ ಡಾಕ್ಟರಮ್ಮನ ಹಾಗೆ ಓಡಾಡ್ತೀಯ. ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರಲಿಲ್ಲ.

ಅವಳು ಹಿಂದಿನದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಮೂರು ಸಲ ಕರೆದರೂ ತಿರುಗದ ಮೊದಲ ದಿನ. ಬಲಗೈ ಒದ್ದೆಯಿಲ್ಲದಾಗಲೂ ಎಡಕ್ಕೇ ಹೋಗುತ್ತಿದ್ದ ಫೋನು. ಕಾರಿಡಾರಿನಲ್ಲಿ ನಡೆಯುವಾಗ ಹೇಗಾದರೂ ಮಾಡಿ ಅವಳ ಬಲಗಡೆಗೆ ಬಂದು ಸೇರಿಕೊಳ್ಳುತ್ತಿದ್ದ ರೀತಿ. ಎರಡೂ ಸರಿ ಇರೋ ಅದೃಷ್ಟ ಅದರದ್ದು.

ಮತ್ತು ಕಪಾಟಿನ ಮುಂದೆ ಕೂತಿದ್ದ ಆ ಭಂಗಿ. ಕೇಳುವ ಕಿವಿ ಹಲಗೆಗೆ ಒತ್ತಿತ್ತು. ಕೇಳದ ಕಿವಿ ಅವಳ ಕಡೆಗಿತ್ತು. ಮುಗೀತು ಎಂದದ್ದು ಪಂಪಿನ ವಿಷಯವಿರಬಹುದು.

ಇರಬಹುದು. ಅನುಮಾನ ಬೇರೆ, ಫಲಿತಾಂಶ ಬೇರೆ. ಅದೂ ಅಲ್ಲದೆ, ಅವನಿಗೆ ಕೇಳಿಸಲಿಲ್ಲ ಎಂದರೆ ಕೇಳಿಸಿದ್ದರೆ ಇರಿ ಎನ್ನುತ್ತಿದ್ದ ಎಂದಾಗುವುದಿಲ್ಲ. ಇಷ್ಟು ಯೋಚಿಸುವಷ್ಟು ತಲೆ ಅವಳಿಗೆ ನೆಟ್ಟಗಿತ್ತು. ಎದೆಯ ವಿಷಯ ಬೇರೆ.

ಶನಿವಾರ ಬೆಳಗ್ಗೆ ಎಂಟಕ್ಕೆ ಅವನು ಹೊಸ ಪಂಪಿನ ಪೆಟ್ಟಿಗೆ ಹಿಡಿದು ಬಂದ. ಕೌಂಟರಿನ ಅಕ್ಕನಿಂದ ಅದನ್ನು ತಿಳಿದುಕೊಂಡು ಅವಳು ಏಳೂವರೆಗೇ ಬಂದಿದ್ದಳು. ಹಾಲಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಅವಳನ್ನು ಕಂಡು ಅವನು ಬಾಗಿಲಲ್ಲೇ ಒಂದು ಕ್ಷಣ ನಿಂತ.

"ಹತ್ತು ನಿಮಿಷದ ಕೆಲಸ. ನಿಮಗೆ ತೊಂದರೆ ಮಾಡಲ್ಲ."

ಅವಳು ನೋಡಿಕೊಂಡು ಅವನ ಎಡಕ್ಕೆ ಬಂದಳು.

"ಹಳೇ ಪಂಪ್ ಆರಿಸಿ, ಒಳಗೆ ಬನ್ನಿ. ಇಪ್ಪತ್ತು ನಿಮಿಷ ಇದೆಯಲ್ಲ. ಒಂದು ಪರೀಕ್ಷೆ ಬಾಕಿ ಇದೆ."

"ಪಟ್ಟೆಗಾ?"

"ನಿಮಗೆ."

ಅವನು ಪೆಟ್ಟಿಗೆಯನ್ನು ನೆಲದ ಮೇಲಿಟ್ಟ. ಬಹಳ ನಿಧಾನವಾಗಿ.

"ಯಾರು ಹೇಳಿದ್ರು?"

"ಒಂದು ಕುರ್ಚಿ."

ಅವನ ಮುಖ ಬಿಗಿಯಿತು. "ಹೋಗ್ತಿರೋರು ನೀವು. ನನಗೆ ಅದನ್ನ ಹೇಳಿದ್ದು ಕೌಂಟರಿನ ಅಕ್ಕ. ಇಷ್ಟು ವಾರ ಜೊತೆಗೆ ಕೂತು ಮೀನಿನ ನಿದ್ದೆ ಅಳೆದ್ವಿ, ನೀವು ಒಂದು ಮಾತು ಹೇಳಲಿಲ್ಲ. ಸರಿ, ನಾನೇನು ನೆಂಟನಲ್ಲ. ಈಗ ನನ್ನ ಕಿವಿ ಕಟ್ಟಿಕೊಂಡು ನಿಮಗೇನಾಗಬೇಕು?"

"ನಾನು ಹೇಳಿದ್ದೆ."

"ಯಾವಾಗ?"

"ಅದೇ ಪರೀಕ್ಷೆ."

ಅವನು ಬಗ್ಗಿ ಪಂಪ್ ಆರಿಸಿ, ಕೈ ಒರೆಸಿಕೊಂಡು ಅವಳ ಹಿಂದೆ ನಡೆದ.

ಹೆಡ್‌ಫೋನಿನ ಕೆಂಪು ಬದಿ ಬಲಗಿವಿಗೆ, ನೀಲಿ ಎಡಕ್ಕೆ. ಕೈಗೆ ಬಟನ್ ಕೊಟ್ಟು ಅವಳು ಬಾಗಿಲೆಳೆದಳು. ಗಾಜಿನ ಆಚೆ ಅವನು ಕಾಣುತ್ತಿದ್ದ. ಬೆಳಕಿನಲ್ಲಿ, ಮೌನದಲ್ಲಿ, ನೇರ ಕೂತು. ತೊಟ್ಟಿಯ ಹೊರಗೆ ನಿಲ್ಲುವುದು ಇಷ್ಟು ದಿನ ಅವನ ಪಾಲಿಗಿತ್ತು.

ಎಡಗಿವಿಗೆ ಹತ್ತರ ಸದ್ದಿಗೇ ದೀಪ ಹತ್ತಿತು. ಚೊಕ್ಕ ಕಿವಿ.

ಬಲಗಿವಿಗೆ ಮೂವತ್ತು. ನಲವತ್ತು. ದೀಪ ಹತ್ತಲಿಲ್ಲ. ಅದಕ್ಕಿಂತ ಜೋರು ಮಾಡಿದರೆ ಸದ್ದು ತಲೆಬುರುಡೆ ಹಾಯ್ದು ಒಳ್ಳೆಯ ಕಿವಿಗೆ ಸೇರುತ್ತದೆ. ಹಾಗಾಗದಂತೆ ಎಡಗಿವಿಗೆ ಗಾಳಿ ಬೀಸುವಂಥ ಸದ್ದು ತುಂಬಿ, ಬಲಕ್ಕೆ ಇನ್ನೂ ಏರಿಸಿದಳು. ಯಂತ್ರದ ಕೊನೆಯವರೆಗೆ. ದೀಪ ಹತ್ತಲಿಲ್ಲ.

ನಮೂನೆಯಲ್ಲಿ ಕೆಂಪು ಗುರುತು ಹಾಕಿ, ಅದರ ಕೆಳಗೆ ಬಾಣ ಎಳೆದಳು. ಬಾಣವೆಂದರೆ ಉತ್ತರವಿಲ್ಲ ಎಂದು. ಸಾವಿರ ಸಲ ಎಳೆದ ಬಾಣ. ಇವತ್ತು ಗೆರೆ ನೆಟ್ಟಗೆ ಬರಲಿಲ್ಲ.

'ಇವರನ್ನ ನಾನು ಎಲ್ಲರೆದುರಿಗೆ ಕೇಳಿದ್ದೆ, ಕಿವಿ ಕೇಳಿಸಲ್ವಾ ಅಂತ...'

ಅವಳು ಗಾಳಿಯ ಸದ್ದು ತೆಗೆದಳು. ಸ್ವಿಚ್ ಬಲಕ್ಕೇ ಇತ್ತು. ಸದ್ದನ್ನು ನಲವತ್ತಕ್ಕೆ ಇಳಿಸಿದಳು. ತುಟಿ ನೋಡಿ ಓದದಿರಲೆಂದು ನಮೂನೆಯನ್ನು ಬಾಯಿಗೆ ಅಡ್ಡ ಹಿಡಿದು, ಮೈಕ್ ಹತ್ತಿರಕ್ಕೆಳೆದುಕೊಂಡಳು.

"ನನ್ನನ್ನ ಬೇರೆ ಊರಿಗೆ ಕಳಿಸ್ತೀವಿ ಅಂತಿದಾರೆ. ನನಗೆ ಹೋಗೋಕೆ ಮನಸ್ಸಿಲ್ಲ. ನೀವು ಇರಿ ಅಂದ್ರೆ... ಇರ್ತೀನಿ."

ಒಂದು. ಎರಡು. ಮೂರು. ನಾಲ್ಕು.

ಅವನು ಕಣ್ಣು ತೆರೆದು ಕೂತಿದ್ದ. ಹೆಬ್ಬೆರಳು ಬಟನ್ನಿನ ಮೇಲೆ ಹಾಗೆಯೇ ಇತ್ತು. ಮುಖದಲ್ಲಿ ಏನೂ ಇರಲಿಲ್ಲ, ಮುಂದಿನ ಬೀಪಿಗೆ ಕಾಯುವ ತಾಳ್ಮೆಯ ಹೊರತು.

ಇದು ಮೊದಲ ಫಲಿತಾಂಶ.

ಅವಳು ಸ್ವಿಚ್ಚನ್ನು ಎಡಕ್ಕೆ ತಿರುಗಿಸಿದಳು. ಅದೇ ನಲವತ್ತು. ಅದೇ ಮಾತು, ಒಂದಕ್ಷರ ಬದಲಿಲ್ಲದೆ. ದನಿ ಮಾತ್ರ ಎರಡು ಕಡೆ ಒಡೆಯಿತು.

ಒಂದು. ಎರಡು. ಮೂರು. ನಾಲ್ಕು.

ದೀಪ ಹತ್ತಲಿಲ್ಲ.

ಅವಳು ನಮೂನೆಯನ್ನು ಕೆಳಗಿಳಿಸಿದಳು. ಹಾಗಾದರೆ ಇದೇ ಉತ್ತರ. ಕೇಳಿಸಿಯೂ ಒತ್ತದಿರುವುದು. ಪರೀಕ್ಷೆಯ ತಪ್ಪಲ್ಲ, ಯಂತ್ರದ ತಪ್ಪಲ್ಲ. ಹತ್ತು ಗಂಟೆಗೆ ಪತ್ರ ಹೊರಡುತ್ತದೆ, ಹೊರಡಲಿ...

ದೀಪ ಹತ್ತಿತು.

ಹತ್ತಿದ್ದು ಆರಲಿಲ್ಲ. ಗಾಜಿನ ಆಚೆ ಅವನು ಬಟನ್ ಒತ್ತಿ ಹಿಡಿದೇ ಇದ್ದ. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು.

ಅವಳಿಗೆ ಮೈಕ್ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅದು... ಹೌದು ಅಂತಾನಾ?"

"ಕೇಳಿಸ್ತು ಅಂತ." ಅವನ ದನಿ ಸ್ಪೀಕರಿನಲ್ಲಿ ಗೊಗ್ಗರಾಗಿತ್ತು. "ಹೌದು ಅನ್ನೋಕೆ ಬೇರೆ ಬಟನ್ ಇದ್ಯಾ?"

"ಇಲ್ಲ. ಬಾಯಲ್ಲೇ ಹೇಳಬೇಕು."

"ಇರಿ," ಎಂದ ಅವನು.

ಅವಳು ಬಾಗಿಲು ತೆಗೆದಳು. ಅವನು ಹೆಡ್‌ಫೋನ್ ಕಳಚಿ ಮಡಿಲಲ್ಲಿಟ್ಟುಕೊಂಡಿದ್ದ.

"ಅವತ್ತು ಮುಗೀತು ಅಂದಿದ್ದು..."

"ಪಂಪು. ಬೇರಿಂಗ್ ಹೋಗಿತ್ತು. ನಿಮ್ಮ ನೆರಳು ಕಂಡು ಹೇಳಿದೆ. ನೀವು ಸರಿ ಅಂದಿದ್ದೂ ಕೇಳಲಿಲ್ಲ ನನಗೆ. ತಿರುಗಿ ನೋಡಿದ್ರೆ ನೀವೇ ಇರ್ಲಿಲ್ಲ." ಅವನು ಬಲಗಿವಿ ಮುಟ್ಟಿಕೊಂಡ. "ಒಂಬತ್ತನೇ ವಯಸ್ಸಲ್ಲಿ ಮಂಗನಬಾವು. ಇದು ಹೋಯ್ತು."

"ನನಗೆ ಹೇಳಬಹುದಿತ್ತಲ್ಲ. ನನಗೆ."

"ಹೇಳಿದ್ರೆ ನಿಮ್ಮ ಪೇಷಂಟ್ ಆಗ್ಬಿಡ್ತಿದ್ದೆ. ಆ ಸಾಲಲ್ಲಿ ಕೂರೋಕೆ ಇಷ್ಟ ಇರ್ಲಿಲ್ಲ."

"ದೀಪ ಯಾಕೆ ಅಷ್ಟು ತಡವಾಗಿ ಹತ್ತಿತು?"

"ನಾಲ್ಕು ಎಣಿಸಿದ್ರಾ?"

"ಎಣಿಸಿದೆ."

"ಪಟ್ಟೆಗೆ ನಾಲ್ಕು. ನಾನು ಸ್ವಲ್ಪ ನಿಧಾನ."

ಅವಳು ಮೊದಲು ನಕ್ಕಳು. ಅಳು ಆಮೇಲೆ ಬಂತು, ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಮೊದಲ ಸಲ. ಅವನು ಜೇಬಿನಿಂದ ಬಟ್ಟೆ ತೆಗೆದ. ಅದು ತೊಟ್ಟಿಯ ಗಾಜೊರೆಸುವ ಬಟ್ಟೆಯೆಂದು ನೋಡಿ ಮತ್ತೆ ಒಳಗಿಟ್ಟುಕೊಂಡ.

ಎಂಟೂಮುಕ್ಕಾಲಿಗೆ ಡಾಕ್ಟರು ಬಂದಾಗ ಅವಳು ಬಾಗಿಲಲ್ಲೇ ಕಾದಿದ್ದು, ಪತ್ರ ಕಳಿಸಬೇಡಿ ಎಂದಳು. ಕಾರಣ ಕೇಳಿದ್ದಕ್ಕೆ, ನಾನು ತಪ್ಪು ಕಿವಿ ಪರೀಕ್ಷೆ ಮಾಡಿದ್ದೆ ಸಾರ್ ಎಂದಳು. ಅವರಿಗೆ ಅರ್ಥವಾಗಲಿಲ್ಲ.

ಆದರೆ ಅದು ಆಮೇಲಿನ ಮಾತು. ಅದಕ್ಕೂ ಮೊದಲು, ಇಪ್ಪತ್ತು ನಿಮಿಷ ಮುಗಿಯುವ ಹೊತ್ತಿಗೆ, ಅವರಿಬ್ಬರೂ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದರು. ಅವಳು ಅವನ ಎಡಗಡೆ. ಹೊಸ ಪಂಪು ಚಾಲೂ ಆಯಿತು. ಸದ್ದೇ ಇರಲಿಲ್ಲ. ಗುಳ್ಳೆಗಳು ಏಳುವುದಷ್ಟೇ ಕಾಣುತ್ತಿತ್ತು.

ಪಟ್ಟೆ ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಕಿವಿರು ನಿಧಾನವಾಗಿ ಏಳುತ್ತಿತ್ತು, ಬೀಳುತ್ತಿತ್ತು.

"ಮೊದಲ ದಿನ ನಾನು ಒಂದು ಪ್ರಶ್ನೆ ಕೇಳಿದ್ದೆ," ಎಂದಳು ಅವಳು. "ಕಿವಿ ಕೇಳಿಸಲ್ವಾ ಅಂತ. ಕೇಳಬಾರದಿತ್ತು."

"ಅದಕ್ಕೆ ಉತ್ತರ ಬಾಕಿ ಇದೆ, ಅಲ್ವಾ?"

"ಹ್ಞೂಂ."

"ಅರ್ಧ ಕೇಳಿಸುತ್ತೆ."

"ನನಗೆ ಅಷ್ಟು ಸಾಕು. ನಾನು ಆ ಅರ್ಧದ ಕಡೆಯೇ ಇರ್ತೀನಿ."

ಅವನು ಜೇಬಿನ ಬಟ್ಟೆ ತೆಗೆದು ತೊಟ್ಟಿಯ ಗಾಜು ಒರೆಸತೊಡಗಿದ. ಅವಳು ಈ ಸಲ ಎಣಿಸಲಿಲ್ಲ. ಒರೆಸುತ್ತಲೇ ಅವನು ಕೇಳಿದ:

"ದೊಡ್ಡಮ್ಮ ಇನ್ನಾದ್ರೂ ಆ ಕುರ್ಚಿ ಬಿಟ್ಟುಕೊಡ್ತಾರಾ?"

"ಇಲ್ಲ. ನೀವು ಪಕ್ಕದ್ದರಲ್ಲಿ ಕೂರಿ. ಬಲಗಡೆ ಅವರಿರ್ತಾರೆ, ಎಡಗಡೆ ನಾನು."

"ಅವರು ಹೇಳಿದ್ದು ನನಗೆ ಕೇಳಿಸಲ್ಲವಲ್ಲ?"

"ಮದುವೆ ಮಾತು ಶುರುಮಾಡಿದ ಮೇಲೆ ದೊಡ್ಡಮ್ಮನ ಪಕ್ಕ ಕೂತವರಿಗೆ," ಎಂದಳು ಅವಳು, "ಅದೇ ದೊಡ್ಡ ಅದೃಷ್ಟ."